‘ಆ್ಯಕ್ಸಿಡೆಂಟ್’: ಮೊದಲೇ ಗೊತ್ತಿದ್ದ ಅಪರಾಧಿಯ ಕಥೆ

ಕೊಲೆ ಮಾಡಿದವನಾರೆಂಬುದು ಕಥೆಯ ಆರಂಭದಲ್ಲಿಯೇ ತಿಳಿದುಹೋದರೆ, ಅಪರಾಧದ ಕಥೆಯಲ್ಲಿ ಉಳಿಯುವುದಾದರೂ ಏನು? ಪತ್ತೇದಾರಿ ಕಾದಂಬರಿಯನ್ನು ಓದಿ ಬೆಳೆದವರು ಈ ಪ್ರಶ್ನೆಯನ್ನು ಕೇಳಿಯೇ ಕೇಳುತ್ತಾರೆ. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ಹಿಂಬಾಲಿಸಿ ಅಕ್ಷರದ ರುಚಿ ಕಂಡುಕೊಂಡ ಕನ್ನಡಿಗರ ಸಂಖ್ಯೆ ಸಣ್ಣದಲ್ಲ. ಅಲ್ಲಿ ಕಡೆಯ ಪುಟದವರೆಗೆ ಅಪರಾಧಿ ಮರೆಯಲ್ಲಿರಬೇಕು. ಮೊದಲೇ ಯಾರಾದರೂ ಅವನ ಹೆಸರನ್ನು ಹೇಳಿಬಿಟ್ಟರೆ ಪುಸ್ತಕವೇ ಕೆಟ್ಟಿತೆಂದು ನಾವು ಮುನಿಸಿಕೊಳ್ಳುತ್ತಿದ್ದೆವು. ಹೀಗಿರುವಾಗ, ಅಪರಾಧಿಯನ್ನು ಮೊದಲಿಗೇ ತೋರಿಸಿಬಿಡುವ ಕನ್ನಡ ಚಿತ್ರವೊಂದು ನಾಲ್ಕು ದಶಕಗಳ ಅನಂತರವೂ ನೋಡುಗರನ್ನು ಹಿಡಿದು ಕೂರಿಸುತ್ತಿರುವುದಕ್ಕೆ ಕಾರಣವೇನಿರಬಹುದು? ಈ ಹೊತ್ತು ಅದನ್ನು ಕುರಿತು ಕೆಲವು ಮಾತುಗಳನ್ನು ನಿಮ್ಮೊಡನೆ ಹಂಚಿಕೊಳ್ಳಲು ಬಯಸುತ್ತೇನೆ. ಚಿತ್ರದ ಹೆಸರು ‘ಆ್ಯಕ್ಸಿಡೆಂಟ್’. ನಿರ್ದೇಶಕರು ಶಂಕರ್ ನಾಗ್. ತೆರೆಕಂಡ ವರ್ಷ 1985.

ಕನ್ನಡದಲ್ಲಿ ಅಪರಾಧದ ಚಿತ್ರಗಳಿಗೆ ಅದಕ್ಕೂ ಮೊದಲೇ ಒಂದು ದಾರಿ ಬಿದ್ದಿತ್ತು. 1968ರಲ್ಲಿ ದೊರೈ–ಭಗವಾನ್ ಜೋಡಿ ‘ಜೇಡರ ಬಲೆ’ಯನ್ನು ತೆಗೆದು, ರಾಜ್‌ಕುಮಾರ್ ಅವರನ್ನು ಸಿ.ಐ.ಡಿ. 999 ಆಗಿ ಜನರ ಮುಂದೆ ನಿಲ್ಲಿಸಿತು. ಅದೇ ವರ್ಷ ಗೋವೆಯ ಸಾಹಸ, ಮರುವರ್ಷ ಇನ್ನೊಂದು, 1978ರಲ್ಲಿ ಮತ್ತೊಂದು, ಹೀಗೆ ಅದು ಸರಣಿಯಾಯಿತು. ಅಂಥ ಚಿತ್ರಗಳ ಸೊಗಸೇ ಬೇರೆ. ಅಲ್ಲಿ ಕೇಡೆಂಬುದು ಹೊರಗಿನಿಂದ ಬರುತ್ತದೆ. ಅದಕ್ಕೆ ಗುಪ್ತವಾದ ಅಡಗುದಾಣವಿರುತ್ತದೆ. ನಾಯಕ ಅದನ್ನು ಭೇದಿಸಿದೊಡನೆ ಊರು ಮೊದಲಿನಂತೆ ನೆಮ್ಮದಿಗೆ ಮರಳುತ್ತದೆ. ನೋಡಿದವನು ಹಗುರಾದ ಮನಸ್ಸಿನಿಂದ ಮನೆಗೆ ಹೋಗುತ್ತಾನೆ. ಈ ಸುಖವನ್ನು ನಾನು ಕೀಳೆಂದು ಹೇಳಲಾರೆ. ಆದರೆ ಶಂಕರ್ ನಾಗ್ ಹಿಡಿದ ದಾರಿ ಇದಲ್ಲ. ಅವರ ಚಿತ್ರದಲ್ಲಿ ಕೇಡಿಗೆ ಅಡಗುದಾಣ ಬೇಕಿಲ್ಲ. ಅದು ಅಂದವಾದ ಮನೆಯ ಊಟದ ಮೇಜಿನ ಮುಂದೆ ಕುಳಿತಿರುತ್ತದೆ.

ಕಥೆಯನ್ನು ನೋಡದವರಿಗಾಗಿ ಅದರ ಎಳೆಯನ್ನಷ್ಟೇ ಹೇಳುತ್ತೇನೆ. ಧರ್ಮಾಧಿಕಾರಿ ಎಂಬ ರಾಜಕಾರಣಿ ಇದ್ದಾನೆ, ಚುನಾವಣೆಯ ಕಾಲ. ಅವನ ಮಗ ದೀಪಕ್. ಮಾದಕದ್ರವ್ಯದ ಅಮಲಿನಲ್ಲಿ ಗೆಳೆಯನೊಡನೆ ರಾತ್ರಿಯಲ್ಲಿ ಕಾರು ಓಡಿಸಿಕೊಂಡು ಹೋಗುತ್ತಾ ಅವನು ರಸ್ತೆಯ ಬದಿಯಲ್ಲಿ ಮಲಗಿದ್ದ ಬಡವರ ಮೇಲೆ ಕಾರನ್ನು ಹರಿಸಿಬಿಡುತ್ತಾನೆ. ಅವರೊಳಗೆ ಬದುಕುಳಿದವನು ರಾಮಣ್ಣನೊಬ್ಬನೇ. ಆ ಸಾವುಗಳ ಬೆನ್ನುಹತ್ತುವವನು ಒಬ್ಬ ಪತ್ರಕರ್ತ. ತಂದೆಯ ಅಧಿಕಾರವೆಲ್ಲವೂ ಮಗನ ಸುತ್ತ ಗೋಡೆಯಾಗಿ ನಿಲ್ಲುತ್ತದೆ. ಧರ್ಮಾಧಿಕಾರಿಯ ಪಾತ್ರದಲ್ಲಿ ಅನಂತ್ ನಾಗ್, ದೀಪಕ್ ಆಗಿ ಅಶೋಕ್ ಮಂದಣ್ಣ, ರಾಮಣ್ಣನಾಗಿ ರಮೇಶ್ ಭಟ್, ಪತ್ರಕರ್ತನಾಗಿ ಸ್ವತಃ ಶಂಕರ್ ನಾಗ್ ಇದ್ದಾರೆ. ಕಥೆ ಬರೆದವರು ವಸಂತ ಮೊಕಾಶಿ. ಹಿನ್ನೆಲೆ ಸಂಗೀತ ಇಳಯರಾಜ ಅವರದು. ಮೂವತ್ತೆರಡನೆಯ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಸಾಮಾಜಿಕ ಸಮಸ್ಯೆಯನ್ನು ಕುರಿತ ಅತ್ಯುತ್ತಮ ಚಿತ್ರವೆಂಬ ಮನ್ನಣೆ ಇದಕ್ಕೆ ದೊರೆಯಿತು. ಕಥೆಯ ಕೊನೆಯನ್ನು ಮಾತ್ರ ನಾನು ಹೇಳುವುದಿಲ್ಲ. ಅದು ನೋಡಿಯೇ ತಿಳಿಯತಕ್ಕದ್ದು.

ಆಂಗ್ಲ ನಿರ್ದೇಶಕ ಆಲ್ಫ್ರೆಡ್ ಹಿಚ್‌ಕಾಕ್ ಬೆರಗಿಗೂ ಆತಂಕಕ್ಕೂ ಇರುವ ಭೇದವನ್ನು ಒಂದು ಉದಾಹರಣೆಯಿಂದ ವಿವರಿಸುತ್ತಿದ್ದುದುಂಟು. ಇಬ್ಬರು ಮಾತನಾಡುತ್ತಾ ಕುಳಿತಿದ್ದಾರೆ. ಇದ್ದಕ್ಕಿದ್ದಂತೆ ಮೇಜಿನ ಕೆಳಗಿದ್ದ ಬಾಂಬು ಸಿಡಿಯುತ್ತದೆ. ನೋಡುವವನಿಗೆ ಒಂದು ಗಳಿಗೆಯ ಬೆರಗು, ಅಷ್ಟೇ. ಬಾಂಬು ಅಲ್ಲಿರುವುದು ನೋಡುವವನಿಗೆ ಮೊದಲೇ ಗೊತ್ತಿದ್ದು, ಮಾತನಾಡುವವರಿಗೆ ಗೊತ್ತಿಲ್ಲದಿದ್ದರೆ, ಅವರ ಅತಿ ಸಾಮಾನ್ಯವಾದ ಮಾತೂ ಅವನನ್ನು ತಲ್ಲಣಗೊಳಿಸುತ್ತದೆ. ‘ಆ್ಯಕ್ಸಿಡೆಂಟ್’ ಚಿತ್ರದ ಹಿಡಿತವೂ ಈ ಬಗೆಯದೇ. ಮಾಡಿದವನಾರೆಂದು ನಮಗೆ ಗೊತ್ತು. ಆದುದರಿಂದ ನಮ್ಮ ಗಮನ ಅವನನ್ನು ಹುಡುಕುವುದರ ಕಡೆಗೆ ಹೋಗುವುದಿಲ್ಲ. ಗೊತ್ತಿರುವ ಸತ್ಯವನ್ನು ಯಾರು ಹೇಳುತ್ತಾರೆ, ಯಾರು ನುಂಗಿಕೊಳ್ಳುತ್ತಾರೆ ಎಂಬುದರ ಕಡೆಗೆ ತಿರುಗುತ್ತದೆ. ‘ಯಾರು’ ಎಂಬ ಪ್ರಶ್ನೆಗೆ ಒಮ್ಮೆ ಉತ್ತರ ಸಿಕ್ಕಿದರೆ ಕಥೆ ಮುಗಿಯಿತು. ಎರಡನೆಯ ಸಲ ನೋಡಲು ಕಾರಣವಿಲ್ಲ. ‘ಈಗೇನು ಮಾಡುತ್ತಾರೆ’ ಎಂಬ ಪ್ರಶ್ನೆ ಎಷ್ಟು ಸಲ ನೋಡಿದರೂ ಸವೆಯುವುದಿಲ್ಲ. ಚಿತ್ರ ಹಳತಾಗದಿರುವುದಕ್ಕೆ ಇದು ಮೊದಲನೆಯ ಕಾರಣ.

ಈ ಮಾರ್ಗ ಶಂಕರ್ ನಾಗ್ ಅವರೊಬ್ಬರದೇ ಅಲ್ಲ. 1866ರಲ್ಲಿ ಪ್ರಕಟವಾದ ದಾಸ್ತಯೆವ್‌ಸ್ಕಿಯ ‘ಅಪರಾಧ ಮತ್ತು ಶಿಕ್ಷೆ’ ಕಾದಂಬರಿಯಲ್ಲಿಯೂ ಕೊಲೆಗಾರ ನಮ್ಮ ಕಣ್ಣ ಮುಂದೆಯೇ ಕೊಲೆ ಮಾಡುತ್ತಾನೆ. 1955ರಲ್ಲಿ ಸ್ಪೇನ್ ದೇಶದ ಹುವಾನ್ ಆಂಟೋನಿಯೋ ಬಾರ್ದೆಮ್ ತೆಗೆದ ‘ಸೈಕಲ್ ಸವಾರನ ಸಾವು’ ಎಂಬ ಚಿತ್ರವಂತೂ ನಮ್ಮ ಚಿತ್ರಕ್ಕೆ ತೀರ ಹತ್ತಿರದ ನೆಂಟ. ಅದರಲ್ಲಿ ಅನುಕೂಲಸ್ಥರಾದ ಒಬ್ಬ ಗಂಡಸು, ಒಬ್ಬ ಹೆಂಗಸು ಕಾರಿನಲ್ಲಿ ಹೋಗುತ್ತಾ ಸೈಕಲ್ಲಿನವನೊಬ್ಬನಿಗೆ ಗುದ್ದಿ, ಅವನನ್ನು ಸಾಯಲು ಬಿಟ್ಟು ಹೊರಟುಹೋಗುತ್ತಾರೆ. ಗುದ್ದಿದ್ದು ಒಂದು ಕ್ಷಣದ ಕೆಲಸ. ಬಿಟ್ಟುಹೋದದ್ದರ ಭಾರವನ್ನು ಚಿತ್ರವಿಡೀ ಹೊರಬೇಕಾಗುತ್ತದೆ.

ಇಲ್ಲಿ ನನಗೆ ನಮ್ಮ ಜನ್ನ ಕವಿ ನೆನಪಾಗುತ್ತಾನೆ. 1209ರ ‘ಯಶೋಧರ ಚರಿತೆ’ಯಲ್ಲಿ ಬಲಿಯಾಗುವುದು ಜೀವವಿರುವ ಕೋಳಿಯಲ್ಲ, ಹಿಟ್ಟಿನ ಕೋಳಿ. ಆದರೂ ಕೊಲ್ಲುವ ಸಂಕಲ್ಪವಿದ್ದುದರಿಂದ ಅದರ ಫಲ ಜನ್ಮಜನ್ಮಾಂತರಗಳವರೆಗೆ ಬೆನ್ನಟ್ಟುತ್ತದೆ. ಕೊಲೆಯಿಲ್ಲ, ಸಂಕಲ್ಪವಿದೆ. ‘ಆ್ಯಕ್ಸಿಡೆಂಟ್’ ಚಿತ್ರದಲ್ಲಿ ಇದು ತಿರುಗುಮುರುಗಾಗಿದೆ: ಕೊಲೆಯಿದೆ, ಸಂಕಲ್ಪವಿಲ್ಲ. ಆ ಹುಡುಗರು ಯಾರನ್ನೂ ಕೊಲ್ಲಬೇಕೆಂದು ಮನೆಯಿಂದ ಹೊರಟವರಲ್ಲ. ಹಾಗಾದರೆ ಪಾಪ ಎಲ್ಲಿಂದ ಮೊದಲಾಯಿತು? ಅಮಲಿನಲ್ಲಿ ಕಾರಿನ ಕೀಲಿಯನ್ನು ಕೈಗೆ ತೆಗೆದುಕೊಂಡಾಗಲೇ? ಕಾರು ನಿಲ್ಲಿಸದೆ ಹೋದಾಗಲೇ? ವಿಷಯ ತಿಳಿದ ತಂದೆ ಮುಚ್ಚಿಹಾಕಲು ಮನಸ್ಸು ಮಾಡಿದಾಗಲೇ? ಸಂಕಲ್ಪ ಇಲ್ಲಿ ತಡವಾಗಿ ಬರುತ್ತದೆ. ಆದರೆ ಬಂದೇ ಬರುತ್ತದೆ. ಆಕಸ್ಮಿಕವಾಗಿ ಮೊದಲಾದುದು ಉದ್ದೇಶಪೂರ್ವಕವಾದ ಅಪರಾಧವಾಗಿ ಮಾರ್ಪಡುವ ಆ ಸಂಧಿಕಾಲವನ್ನು ಚಿತ್ರ ಹಿಡಿದಿದೆ. ನಮ್ಮಲ್ಲಿ ಹೆಚ್ಚಿನವರು ಕೊಲೆಗಾರರಲ್ಲ. ಆದರೆ ಆದ ತಪ್ಪನ್ನು ಮುಚ್ಚಬೇಕೆಂಬ ಆಸೆಯನ್ನು ಅರಿಯದವರು ನಮ್ಮಲ್ಲಿ ಯಾರೂ ಇಲ್ಲ.

ಇನ್ನು ಚಿತ್ರದ ಹೆಸರಿನ ವಿಚಾರ. ‘ಆಕ್ಸಿಡೆಂಟ್’ ಎಂಬುದು ಈಗ ಕನ್ನಡದ್ದೇ ಮಾತು. ಅಕ್ಷರ ಬಾರದವರೂ ಅದನ್ನು ಬಳಸುತ್ತಾರೆ. ಅದು ವಾಕ್ಯದೊಳಗೆ ಹೇಗೆ ಕುಳಿತುಕೊಳ್ಳುತ್ತದೆಂಬುದನ್ನು ಗಮನಿಸಿ. ಕೊಲೆಯನ್ನು ‘ಮಾಡಿದ’ ಎನ್ನುತ್ತೇವೆ. ಕಳವನ್ನು ‘ಮಾಡಿದ’ ಎನ್ನುತ್ತೇವೆ. ಆಕ್ಸಿಡೆಂಟ್ ಮಾತ್ರ ಸಾಮಾನ್ಯವಾಗಿ ‘ಆಯಿತು’. ಮಳೆಯಾಯಿತು, ಬೆಳಗಾಯಿತು ಎಂಬಂತೆಯೇ ಆಕ್ಸಿಡೆಂಟ್ ಆಯಿತು. ಕರ್ತೃವಿನ ಜಾಗ ಅಲ್ಲಿ ಖಾಲಿ. ‘ಆಕ್ಸಿಡೆಂಟ್ ಮಾಡ್ಬುಟ್ಟ’ ಎಂದು ಬೆರಳು ತೋರಿಸಿ ಹೇಳುವುದೂ ಉಂಟು, ಇಲ್ಲವೆನ್ನುವುದಿಲ್ಲ. ಆದರೆ ಹಾಗೆ ಹೇಳಬೇಕಾದರೆ ಮಾಡಿದವನು ಕಣ್ಣ ಮುಂದಿರಬೇಕು, ಹೇಳುವವನಿಗೆ ಧೈರ್ಯವೂ ಇರಬೇಕು. ಶಂಕರ್ ನಾಗ್ ಅವರ ಚಿತ್ರ ‘ಆಯಿತು’ ಎಂಬ ಕ್ರಿಯಾಪದವನ್ನು ಹಿಡಿದು ಎಳೆದು ‘ಮಾಡಿದರು’ ಎಂಬಲ್ಲಿಗೆ ತಂದು ನಿಲ್ಲಿಸುತ್ತದೆ. ಹೆಸರಿನಲ್ಲಿರುವ ವ್ಯಂಗ್ಯ ಚಿತ್ರ ಮುಗಿದ ಮೇಲೆ ಮನಸ್ಸಿಗೆ ತಾಗುತ್ತದೆ.

ಇದನ್ನು ನಾನು ಪುಸ್ತಕದ ಮಾತಾಗಿ ಹೇಳುತ್ತಿಲ್ಲ. ನಮ್ಮ ತಾಂಡವಪುರ ಮೈಸೂರಿನಿಂದ ನಂಜನಗೂಡಿಗೆ ಹೋಗುವ ಹೆದ್ದಾರಿಯ ಊರು. ಅದೇ ರಸ್ತೆ ಗುಂಡ್ಲುಪೇಟೆಯನ್ನು ದಾಟಿ ಬಂಡೀಪುರದ ಕಾಡನ್ನು ಹೊಕ್ಕು ವಯನಾಡಿಗೆ, ಕೋಳಿಕ್ಕೋಡಿಗೆ ಹೋಗುತ್ತದೆ. ವನ್ಯಮೃಗಗಳು ವಾಹನಗಳಿಗೆ ಸಿಕ್ಕಿ ಸಾಯಬಾರದೆಂದು 2009ರಿಂದ ಕಾಡಿನೊಳಗಿನ ರಸ್ತೆಯಲ್ಲಿ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ವಾಹನ ಸಂಚಾರಕ್ಕೆ ತಡೆಯಿದೆ. ಒಳ್ಳೆಯದೇ ಆಯಿತು. ಆದರೆ ಗೇಟು ಮುಚ್ಚುವುದರೊಳಗೆ ಕಾಡನ್ನು ಸೇರಬೇಕೆಂಬ ಅವಸರದ ಗಾಡಿಗಳು ಹೊತ್ತು ಮುಳುಗಿದ ಮೇಲೆ ಹಾದುಹೋಗುವುದು ನಮ್ಮಂಥ ಊರುಗಳ ಮುಂದೆಯೇ. ತಾಂಡ್ಯ ಕೈಗಾರಿಕಾ ಪ್ರದೇಶದ ಕಾರ್ಖಾನೆಗಳಲ್ಲಿ ಪಾಳಿ ಮುಗಿಸಿಕೊಂಡು ಬರುವವರು, ದನಕ್ಕೆ ಹುಲ್ಲಿನ ಹೊರೆ ಹೊತ್ತು ಬರುವವರು, ಶ್ರೀಕಂಠೇಶ್ವರನ ದೊಡ್ಡಜಾತ್ರೆಗೆಂದು ಕಾಲ್ನಡಿಗೆಯಲ್ಲಿ ಹೊರಟವರು, ಎಲ್ಲರಿಗೂ ಇರುವುದು ಈ ರಸ್ತೆಯ ಅಂಚೇ. ಮರುದಿನದ ಪತ್ರಿಕೆಯ ಒಳಪುಟದಲ್ಲಿ ನಾಲ್ಕು ಸಾಲು ಬರುತ್ತದೆ: ‘ಅಪರಿಚಿತ ವಾಹನ ಡಿಕ್ಕಿ, ಪಾದಚಾರಿ ಸಾವು’. ವಾಹನ ಅಪರಿಚಿತ, ಓಡಿಸಿದವನ ಸುದ್ದಿಯೇ ಇಲ್ಲ. ಕಬ್ಬಿಣಕ್ಕೆ ಕರ್ತೃಪದವನ್ನು ಕೊಟ್ಟು ಮನುಷ್ಯನನ್ನು ವಾಕ್ಯದಿಂದಲೇ ಬಿಟ್ಟುಬಿಟ್ಟಿದ್ದೇವೆ.

ಇದು ಸಣ್ಣ ಲೆಕ್ಕವಲ್ಲ. 2022ರಲ್ಲಿ ಭಾರತದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ ಎಂದು ಕೇಂದ್ರ ಸರಕಾರದ ವರದಿ ಹೇಳುತ್ತದೆ. ಅವರಲ್ಲಿ 30,486 ಮಂದಿ ಸತ್ತದ್ದು ಗುದ್ದಿ ಓಡಿಹೋದ ವಾಹನಗಳಿಂದ. ಎಂದರೆ ನೂರಕ್ಕೆ ಹದಿನೆಂಟು ಸಾವುಗಳಲ್ಲಿ ಗುದ್ದಿದವನು ನಿಂತು ನೋಡಲಿಲ್ಲ.

ನಮ್ಮೂರಿನ ಕೆಲವು ತರುಣರೊಡನೆ ಈಚೆಗೆ ಈ ಚಿತ್ರವನ್ನು ಮತ್ತೊಮ್ಮೆ ನೋಡುವ ಸಂದರ್ಭ ಬಂದಿತ್ತು. ಎಲ್ಲರೂ ಕಾರ್ಖಾನೆಗಳಲ್ಲಿ ದುಡಿಯುವವರು. ಚಿತ್ರ ಬಂದಾಗ ಹುಟ್ಟಿಯೇ ಇರದವರು. ವೇಗದ ಚಿತ್ರಗಳಿಗೆ ಒಗ್ಗಿದ ಅವರು ಅರ್ಧಕ್ಕೇ ಎದ್ದು ಹೋದಾರೆಂದು ಎಣಿಸಿದ್ದೆ. ಯಾರೂ ಏಳಲಿಲ್ಲ. ಮುಗಿದ ಮೇಲೆ ಒಬ್ಬ ಹೇಳಿದ: “ಯಾರ್ ಮಾಡುದ್ರು ಅಂತ ಮೊದ್ಲೇ ತೋರುಸ್ಬುಟ್ರಲ್ಲ ಮೇಷ್ಟ್ರೆ, ಇನ್ನೇನ್ ನೋಡದು ಅನ್ಕಂಡೆ. ಆದ್ರೆ ಎದ್ದೋಗಕ್ಕೆ ಆಗ್ನಿಲ್ಲ.” ಮತ್ತೊಬ್ಬ ಸ್ವಲ್ಪ ಹೊತ್ತು ಸುಮ್ಮನಿದ್ದು, “ಆ ರಾಮಣ್ಣ ನಮ್ ಕಡೆಯೋನ್ ಇದ್ದಂಗವ್ನೆ” ಎಂದ. ವಿಮರ್ಶಕರು ಪುಟಗಟ್ಟಲೆ ಬರೆಯಬಹುದಾದುದನ್ನು ಆ ಹುಡುಗ ಒಂದು ಮಾತಿನಲ್ಲಿ ಮುಗಿಸಿದ. ಅಪರಾಧದ ಚಿತ್ರಗಳಲ್ಲಿ ಸತ್ತವರು ಸಾಮಾನ್ಯವಾಗಿ ಕಥೆ ಮೊದಲಾಗಲು ಬೇಕಾದ ಒಂದು ನೆಪ. ಹೆಣ ಬಿದ್ದೊಡನೆ ಅವರ ಕೆಲಸ ಮುಗಿಯಿತು. ಇಲ್ಲಿ ಹಾಗಲ್ಲ. ಬದುಕುಳಿದವನೊಬ್ಬನಿದ್ದಾನೆ, ಅವನಿಗೆ ಹೆಸರಿದೆ, ಮುಖವಿದೆ, ನೋವಿದೆ. ರಮೇಶ್ ಭಟ್ಟರು ಆ ಮುಖವನ್ನು ಹೆಚ್ಚು ಮಾತಿನ ನೆರವಿಲ್ಲದೆ ನಮ್ಮೊಳಗೆ ನಿಲ್ಲಿಸುತ್ತಾರೆ. ಹೊಟ್ಟೆಪಾಡಿಗೆ ಪಟ್ಟಣ ಸೇರಿ, ಮಲಗಲು ಕಲ್ಲುಹಾಸನ್ನು ಬಿಟ್ಟರೆ ಬೇರೆ ನೆಲವಿಲ್ಲದವರ ಕಥೆ ಹಳ್ಳಿಗಳಿಗೆ ಹೊಸತಲ್ಲ.

ಇನ್ನೊಂದು ತುದಿಯಲ್ಲಿ ಧರ್ಮಾಧಿಕಾರಿ ಇದ್ದಾನೆ. ಅನಂತ್ ನಾಗ್ ಆ ಹೊತ್ತಿಗೆ ‘ಬಯಲು ದಾರಿ’ಯಿಂದ ‘ಬೆಂಕಿಯ ಬಲೆ’ಯವರೆಗೆ ಮಧ್ಯಮ ವರ್ಗದ ಮನೆಮನೆಗೂ ಬೇಕಾದ ನಾಯಕ. ಅಂಥವರನ್ನು ಈ ಪಾತ್ರಕ್ಕೆ ಆರಿಸಿದ್ದರಲ್ಲಿ ಜಾಣ್ಮೆಯಿದೆ. ಕೆಂಗಣ್ಣು ಬಿಟ್ಟು ಗುಡುಗುವ ಖಳನಾಗಿದ್ದರೆ ನಾವು ದೂರದಿಂದ ದ್ವೇಷಿಸಿ ಸುಮ್ಮನಾಗುತ್ತಿದ್ದೆವು. ಈತನಾದರೋ ತೂಕದ ಮನುಷ್ಯ, ಮೆಲುಮಾತಿನವನು, ಮಗನನ್ನು ಪ್ರೀತಿಸುವ ತಂದೆ. ಕನ್ನಡಿಗರಿಗೆ ಧೃತರಾಷ್ಟ್ರ ಅಪರಿಚಿತನಲ್ಲ. ಊರ ಬಯಲಾಟದಲ್ಲಿಯೋ ಗಮಕದಲ್ಲಿಯೋ ಅವನನ್ನು ಕಂಡು ಕೇಳಿ ಬಲ್ಲೆವು. ಮಗ ಮಾಡಿದ್ದು ತಪ್ಪೆಂದು ಅವನಿಗೆ ತಿಳಿಯದೆ ಇಲ್ಲ, ತಿಳಿದೂ ಕುರುಡನಾಗುತ್ತಾನೆ. ಧರ್ಮಾಧಿಕಾರಿ ಸಿಂಹಾಸನದ ಬದಲು ದೂರವಾಣಿಯ ಬಳಿ ಕುಳಿತ ಧೃತರಾಷ್ಟ್ರ. ಹೆಸರಿನಲ್ಲಿ ಧರ್ಮವೂ ಇದೆ, ಅಧಿಕಾರವೂ ಇದೆ. ಎರಡರಲ್ಲಿ ಒಂದನ್ನು ಆರಿಸಬೇಕಾದಾಗ ಅವನು ಯಾವುದನ್ನು ಆರಿಸುತ್ತಾನೆಂಬುದೇ ಚಿತ್ರ. ಅದನ್ನು ನೋಡುತ್ತಿರುವ ಪ್ರತಿಯೊಬ್ಬ ತಂದೆತಾಯಿಯೂ ತನ್ನನ್ನು ತಾನು ಕೇಳಿಕೊಳ್ಳದಿರಲಾರರು: ಆ ರಾತ್ರಿ ಬಾಗಿಲು ಬಡಿದವನು ನನ್ನ ಮಗನಾಗಿದ್ದರೆ?

ಚಿತ್ರದ ಕಟ್ಟಡದ ಬಗ್ಗೆಯೂ ಒಂದು ಮಾತು. ಇದರಲ್ಲಿ ಹಾಡುಗಳಿಲ್ಲ. 1981ರ ‘ಗೀತಾ’ ಚಿತ್ರದ ಹಾಡುಗಳಿಂದ ನಾಡನ್ನೇ ಗುನುಗುವಂತೆ ಮಾಡಿದ್ದ ಅದೇ ನಿರ್ದೇಶಕ, ಅದೇ ಸಂಗೀತಗಾರ ಇಲ್ಲಿ ಒಂದು ಹಾಡನ್ನೂ ಇಡಲಿಲ್ಲ. ಹಾಡು ಬಂದರೆ ಪ್ರೇಕ್ಷಕನಿಗೆ ಉಸಿರು ಬಿಡಲು ಎಡೆ ಸಿಗುತ್ತದೆ. ಎದ್ದು ಹೊರಗೆ ಹೋಗಿ ಬರುತ್ತಾನೆ. ಆ ಎಡೆಯನ್ನು ಇವರು ಕೊಡಲಿಲ್ಲ. ಅಂದಿನ ಚಿತ್ರೋದ್ಯಮದಲ್ಲಿ ಇದು ದುಡ್ಡಿನ ದೃಷ್ಟಿಯಿಂದ ಅಪಾಯದ ನಡೆ. ಅದೇ ಇಂದು ಚಿತ್ರದ ಬಲವಾಗಿದೆ; ಹಾಡುಗಳಿಗಿಂತ ಬೇಗ ಹಳತಾಗುವುದು ಹಾಡಿನ ದೃಶ್ಯಗಳ ಉಡುಪು, ಕುಣಿತಗಳಲ್ಲವೆ?

ಚಿತ್ರದಲ್ಲಿ ಕುಂದುಗಳಿಲ್ಲವೆಂದಲ್ಲ. ಹೆಣ್ಣುಪಾತ್ರಗಳಿಗೆ ಸಿಕ್ಕಿರುವ ಅವಕಾಶ ಕಡಿಮೆ. ಮಾದಕದ್ರವ್ಯದ ಭಾಗಗಳಲ್ಲಿ ಬೋಧನೆಯ ಧ್ವನಿ ಕೆಲವೆಡೆ ಮೇಲೇಳುತ್ತದೆ. ಒಬ್ಬ ಪತ್ರಕರ್ತನ ಛಲದ ಮೇಲೆ ಅಷ್ಟೊಂದು ಭರವಸೆ ಇಡಬಹುದೇ ಎಂಬ ಸಂಶಯವೂ ಇಂದಿನವರಿಗೆ ಬಂದರೆ ತಪ್ಪಲ್ಲ. ಇಷ್ಟಿದ್ದೂ ಚಿತ್ರ ನಿಂತಿದೆ. ಏಕೆಂದರೆ ಅದು ಹೇಳಿದ್ದನ್ನು ಅದರ ಅನಂತರದ ವರ್ಷಗಳು ಮತ್ತೆಮತ್ತೆ ನಿಜವಾಗಿಸಿದುವು.

1999ರ ಜನವರಿಯಲ್ಲಿ ದೆಹಲಿಯ ಲೋಧಿ ಕಾಲನಿಯಲ್ಲಿ ಸಿರಿವಂತರ ಮನೆಯ ಹುಡುಗನ ಕಾರಿಗೆ ಸಿಕ್ಕಿ ಆರು ಮಂದಿ ಸತ್ತರು. ಅವರಲ್ಲಿ ಮೂವರು ಪೊಲೀಸರು. ಆ ಮೊಕದ್ದಮೆಯಲ್ಲಿ ಸಾಕ್ಷಿಯನ್ನು ತಿರುಗಿಸುವ ಯತ್ನ ನಡೆದದ್ದು 2007ರಲ್ಲಿ ಸುದ್ದಿವಾಹಿನಿಯೊಂದರ ಗುಪ್ತ ಚಿತ್ರೀಕರಣದಿಂದ ಬಯಲಾಯಿತು. 2002ರ ಸೆಪ್ಟೆಂಬರಿನಲ್ಲಿ ಮುಂಬೈಯ ಬಾಂದ್ರಾದಲ್ಲಿ ಅಂಗಡಿಯ ಮುಂದೆ ಮಲಗಿದ್ದವರ ಮೇಲೆ ಕಾರು ಹರಿದು ಒಬ್ಬ ಸತ್ತ, ನಾಲ್ವರಿಗೆ ಗಾಯವಾಯಿತು. ಕೆಳಗಿನ ನ್ಯಾಯಾಲಯ ವಿಧಿಸಿದ್ದ ಶಿಕ್ಷೆಯನ್ನು 2015ರ ಡಿಸೆಂಬರಿನಲ್ಲಿ ಉಚ್ಚ ನ್ಯಾಯಾಲಯ, ಆರೋಪ ಸಂಶಯಾತೀತವಾಗಿ ರುಜುವಾತಾಗಿಲ್ಲವೆಂದು ರದ್ದುಪಡಿಸಿತು. 2024ರ ಮೇ ತಿಂಗಳಲ್ಲಿ ಪುಣೆಯಲ್ಲಿ ಹದಿನೇಳರ ಹುಡುಗ ಓಡಿಸುತ್ತಿದ್ದನೆನ್ನಲಾದ ಕಾರು ಇಬ್ಬರನ್ನು ಬಲಿ ತೆಗೆದುಕೊಂಡಿತು. ರಕ್ತದ ಮಾದರಿಯನ್ನೇ ಬದಲಿಸಿದರೆಂಬ ಆರೋಪದ ಮೇಲೆ ವೈದ್ಯರ ಬಂಧನವೂ ಆಯಿತು. ಈಗ ಬೀದಿಬೀದಿಗೂ ಕ್ಯಾಮೆರಾ ಇದೆ, ಪ್ರತಿಯೊಬ್ಬನ ಕೈಯಲ್ಲಿಯೂ ಮೊಬೈಲ್ ಇದೆ. ‘ಆ್ಯಕ್ಸಿಡೆಂಟ್’ ಚಿತ್ರದ ಕಾಲದಲ್ಲಿ ಇವೊಂದೂ ಇರಲಿಲ್ಲ. ಆದರೆ ಚಿತ್ರದ ಪ್ರಶ್ನೆ ಸಾಕ್ಷ್ಯ ಸಿಗುತ್ತದೆಯೆ ಎಂಬುದಲ್ಲ, ಸಿಕ್ಕಿದ ಸಾಕ್ಷ್ಯ ಎಲ್ಲಿಗೆ ಹೋಗುತ್ತದೆ ಎಂಬುದು. ಆ ಪ್ರಶ್ನೆಗೆ ಯಂತ್ರಗಳು ಉತ್ತರ ಹೇಳಲಾರವು.

ಕಾನೂನು ಕೂಡ ನಿಧಾನವಾಗಿ ಈ ಕಡೆಗೆ ಹೆಜ್ಜೆಯಿಟ್ಟಿದೆ. ಚಿತ್ರ ಬಂದ ಕಾಲದಲ್ಲಿ ಜಾರಿಯಲ್ಲಿದ್ದ ಭಾರತೀಯ ದಂಡಸಂಹಿತೆಯ 304-ಎ ವಿಧಿಯ ಪ್ರಕಾರ ಅಜಾಗರೂಕತೆಯಿಂದಾದ ಸಾವಿಗೆ ಹೆಚ್ಚೆಂದರೆ ಎರಡು ವರ್ಷಗಳ ಸೆರೆವಾಸ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆ ಅದನ್ನು ಐದು ವರ್ಷಗಳಿಗೆ ಏರಿಸಿತು. ಗುದ್ದಿ, ಪೊಲೀಸರಿಗೆ ತಿಳಿಸದೆ ಓಡಿಹೋದವನಿಗೆ ಹತ್ತು ವರ್ಷಗಳವರೆಗೆ ಶಿಕ್ಷೆಯೆಂದು ಅದರಲ್ಲಿಯೇ ಬೇರೊಂದು ಉಪವಿಧಿ ಬರೆಯಲ್ಪಟ್ಟಿತು. ಅದರ ವಿರುದ್ಧ ಆ ವರ್ಷದ ಜನವರಿಯಲ್ಲಿಯೇ ಲಾರಿ ಚಾಲಕರು ಮುಷ್ಕರ ಹೂಡಿದ್ದರು. ನಿಂತರೆ ಜನ ಹೊಡೆದು ಕೊಲ್ಲುತ್ತಾರೆಂಬುದು ಅವರ ಭಯ. ಅದೂ ಸುಳ್ಳು ಭಯವಲ್ಲ. ಸಂಹಿತೆ ಜಾರಿಗೆ ಬಂದಾಗ ಆ ಉಪವಿಧಿಯನ್ನು ಮಾತ್ರ ತಡೆಹಿಡಿಯಲಾಯಿತು. ಗುದ್ದಿ ಓಡಿದವನು ಸಿಗದಿದ್ದಾಗ ಸತ್ತವರ ಮನೆಯವರಿಗೆ ಸರಕಾರ ಕೊಡುವ ಪರಿಹಾರ 2022ರ ಏಪ್ರಿಲ್‌ನಿಂದ 25,000 ರೂಪಾಯಿಗಳಿಂದ 2 ಲಕ್ಷಕ್ಕೇರಿತು. ಹೀಗೆ ಸೌಲಭ್ಯವೊಂದಿದೆಯೆಂಬುದು ಹಳ್ಳಿಗಳಲ್ಲಿ ಬಹಳ ಮಂದಿಗೆ ತಿಳಿದೇ ಇಲ್ಲ. ಓಡಿಹೋಗುವುದು ಗುದ್ದುವುದಕ್ಕಿಂತ ಬೇರೆಯಾದ, ಅದಕ್ಕಿಂತ ದೊಡ್ಡದಾದ ಅಪರಾಧವೆಂಬ ತಿಳಿವನ್ನು ಕಾನೂನಿನ ಪುಸ್ತಕ ಬರೆದುಕೊಳ್ಳಲು ಇಷ್ಟು ಕಾಲ ಹಿಡಿಯಿತು. ಚಿತ್ರ ಅದನ್ನು ಎಂದೋ ಹೇಳಿ ಮುಗಿಸಿತ್ತು.

ಶಂಕರ್ ನಾಗ್ 1990ರ ಸೆಪ್ಟೆಂಬರ್ 30ರಂದು ದಾವಣಗೆರೆಯ ಬಳಿ ಆನಗೋಡಿನಲ್ಲಿ ರಸ್ತೆ ಅಪಘಾತದಲ್ಲಿಯೇ ತೀರಿಕೊಂಡರು. ಆಗ ಅವರಿಗೆ ಮೂವತ್ತಾರು ತುಂಬಿರಲಿಲ್ಲ. ಈ ಸಂಗತಿ ನೆನಪಾಗಿ ಚಿತ್ರವನ್ನು ನೋಡುವಾಗ ಮನಸ್ಸು ಭಾರವಾಗುವುದು ಸಹಜ. ಆದರೆ ಆ ಭಾರವನ್ನು ಚಿತ್ರದ ಗುಣವೆಂದು ಎಣಿಸುವುದು ಸರಿಯಲ್ಲವೆಂದು ನನ್ನ ಅಭಿಪ್ರಾಯ. ಅವರ ಬದುಕಿನ ಕೊನೆಯನ್ನು ತಿಳಿಯದ ನಮ್ಮೂರ ಹುಡುಗರನ್ನೂ ಅದು ಅಲ್ಲಾಡದಂತೆ ಕೂರಿಸಿತು. ಚಿತ್ರ ತನ್ನ ಸ್ವಂತ ಬಲದಿಂದಲೇ ನಿಂತಿದೆಯೆನ್ನಲು ಅಷ್ಟು ಸಾಕು.

ಜಾಣ ಪತ್ತೇದಾರನ ಕಥೆ ನಮ್ಮ ಬುದ್ಧಿಗೆ ಸವಾಲು ಹಾಕುತ್ತದೆ. ಉತ್ತರ ಸಿಕ್ಕಿದೊಡನೆ ನಮ್ಮನ್ನು ಬಿಟ್ಟುಕೊಡುತ್ತದೆ. ‘ಆ್ಯಕ್ಸಿಡೆಂಟ್’ ನಮಗೆ ಉತ್ತರವನ್ನು ಮೊದಲೇ ಕೊಟ್ಟು, ಅದನ್ನು ಇಟ್ಟುಕೊಂಡು ನೀವೇನು ಮಾಡುತ್ತೀರೆಂದು ಕೇಳುತ್ತದೆ. ಹೊಸದಾಗಿ ಲೈಸೆನ್ಸು ಪಡೆದ ಮಗನಿಗೆ ಗಾಡಿಯ ಕೀಲಿ ಕೊಡುವ ತಂದೆ, ಕೊಡುವ ಮೊದಲು ಒಂದು ಸಂಜೆ ಅವನ ಪಕ್ಕದಲ್ಲಿ ಕುಳಿತು ಈ ಚಿತ್ರವನ್ನು ನೋಡಲಿ. ನೋಡಿ ಮುಗಿದ ಮೇಲೆ ಅವನಿಗೆ ಒಂದೇ ಮಾತು ಹೇಳಲಿ: ಏನಾದರೂ ಆದರೆ ಗಾಡಿ ನಿಲ್ಲಿಸು, ನಾನು ಬರುತ್ತೇನೆ, ಮುಚ್ಚಿಹಾಕಲಿಕ್ಕಲ್ಲ, ನಿನ್ನ ಜೊತೆ ಠಾಣೆಗೆ ನಡೆಯಲಿಕ್ಕೆ. ಧರ್ಮಾಧಿಕಾರಿ ತನ್ನ ಮಗನಿಗೆ ಹೇಳದೆ ಹೋದದ್ದು ಆ ಮಾತನ್ನೇ.